ಒಂದು ಮಂಡಿಗೆ 90 ದಿನ, ಇನ್ನೊಂದಕ್ಕೆ 60

ನಮ್ಮ ಮನೆಯಲ್ಲಿ ಒಂದೇ ವರ್ಷದಲ್ಲಿ ಎರಡು ಮಂಡಿಗಳಿಗೆ ಶಸ್ತ್ರಚಿಕಿತ್ಸೆ ಆಯಿತು. ಎರಡೂ ಅಮ್ಮನ ಮಂಡಿಗಳೇ. ಮಾಡಿದ ವೈದ್ಯರು ಒಬ್ಬರೇ, ಆಸ್ಪತ್ರೆಯೂ ಒಂದೇ. ಬೇರೆಯಾಗಿದ್ದದ್ದು ವಿಮೆಯ ಪಾಲಿಸಿ ಮಾತ್ರ. 2025ರ ಫೆಬ್ರವರಿಯಲ್ಲಿ ಬಲ ಮಂಡಿಗೆ ಒಂದು ನಿಯಮ, ನವೆಂಬರ್‌ನಲ್ಲಿ ಎಡ ಮಂಡಿಗೆ ಇನ್ನೊಂದು ನಿಯಮ. ನಡುವೆ ಏಪ್ರಿಲ್ ಒಂದರಂದು ನಮ್ಮ ಕಂಪನಿಯ ಗುಂಪು ವಿಮೆ ನವೀಕರಣಗೊಂಡಿತ್ತು. ಆ ನವೀಕರಣದಲ್ಲಿ ಬದಲಾದ ಕೆಲವೇ ಸಾಲುಗಳು ಅಮ್ಮ ಎಷ್ಟು ದಿನ ಫಿಸಿಯೋಥೆರಪಿ ಮಾಡಿಸಿಕೊಳ್ಳಬಹುದು, ಎಲ್ಲಿ ಮಾಡಿಸಿಕೊಳ್ಳಬಹುದು, ಅದಕ್ಕೆ ನಮ್ಮ ಕೈಯಿಂದ ಎಷ್ಟು ಹೋಗುತ್ತದೆ ಎಂಬುದನ್ನೆಲ್ಲ ನಿರ್ಧರಿಸಿದವು. ಶಸ್ತ್ರಚಿಕಿತ್ಸೆಗೆ ವಿಮೆ ಇದೆಯೇ ಎಂದು ಎಲ್ಲರೂ ವಿಚಾರಿಸುತ್ತಾರೆ. ಆಮೇಲೆ ಕಾಲು ಮಡಚುವುದನ್ನು, ಮೆಟ್ಟಿಲು ಹತ್ತುವುದನ್ನು ಹೊಸದಾಗಿ ಕಲಿಯಬೇಕಲ್ಲ, ಅದಕ್ಕೆ ವಿಮೆ ಇದೆಯೇ ಎಂದು ವಿಚಾರಿಸುವವರು ಕಡಿಮೆ. ಅಂಥವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಅಮ್ಮ ತಿಪಟೂರಿನವರು. ಅಪ್ಪ ಹೋದ ಮೇಲೂ ಹೊಲಿಗೆ ಯಂತ್ರ ತುಳಿದೇ ಮನೆ ನಡೆಸಿದವರು. ಮೂರು ವರ್ಷದ ಹಿಂದೆ ನನ್ನ ಜೊತೆಗೆ ಬೆಂಗಳೂರಿಗೆ ಬಂದಾಗಲೇ ಎರಡೂ ಮಂಡಿಗಳು ಸವೆದಿದ್ದವು. ನೆಲದಿಂದ ಏಳುವಾಗ ಗೋಡೆ ಹಿಡಿಯುತ್ತಿದ್ದರು. ಹೋದ ವರ್ಷ ಎಕ್ಸ್‌ರೇ ನೋಡಿದ ಮೂಳೆ ವೈದ್ಯರು ಎರಡು ಮೂಳೆಗಳ ನಡುವೆ ಸಂದೇ ಉಳಿದಿಲ್ಲ, ಇನ್ನು ಗುಳಿಗೆ, ಎಣ್ಣೆ, ಇಂಜೆಕ್ಷನ್‌ಗಳಿಂದ ಆಗುವುದಿಲ್ಲ ಎಂದರು. ಅಮ್ಮನಿಗೆ ಆಗ ಅರವತ್ತಾರು. ಕೇಂದ್ರ ಸರ್ಕಾರ ಎಪ್ಪತ್ತು ದಾಟಿದವರಿಗೆಲ್ಲ 2024ರ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಯೋಜನೆಯನ್ನು ವಿಸ್ತರಿಸಿತ್ತು, ಅದು ನಮಗೆ ಸಿಗುವಂತಿರಲಿಲ್ಲ. ಇದ್ದದ್ದು ನನ್ನ ಕಂಪನಿಯ ಗುಂಪು ವಿಮೆ. ನೌಕರರ ಕಂತನ್ನು ಕಂಪನಿ ಕಟ್ಟುತ್ತದೆ, ತಂದೆ ತಾಯಿಯನ್ನು ಸೇರಿಸಿದರೆ ಅವರ ಕಂತು ನಮ್ಮ ಸಂಬಳದಲ್ಲಿ ಮುರಿಯುತ್ತದೆ. ಮೊತ್ತ 5 ಲಕ್ಷ, ಪೋಷಕರ ಕ್ಲೇಮಿನಲ್ಲಿ ನೂರಕ್ಕೆ ಹತ್ತು ನಮ್ಮ ಪಾಲು.

ಬಲ ಮಂಡಿಯ ಶಸ್ತ್ರಚಿಕಿತ್ಸೆಯ ಹಣದ ವಿಚಾರ ಸಲೀಸಾಗಿಯೇ ನಡೆಯಿತು. ಕ್ಯಾಶ್‌ಲೆಸ್ ಒಪ್ಪಿಗೆ ಬೇಗ ಬಂತು. ಡಿಸ್ಚಾರ್ಜ್ ದಿನ ಆಸ್ಪತ್ರೆ ಅಂತಿಮ ಬಿಲ್ಲು ಕಳಿಸಿದ ಮೂರು ಗಂಟೆಯೊಳಗೆ ವಿಮಾ ಕಂಪನಿ ಉತ್ತರ ಕೊಡಬೇಕು ಎಂಬ ನಿಯಮ 2024ರಿಂದ ಇದೆ, ಅದರಂತೆಯೇ ಮಧ್ಯಾಹ್ನದೊಳಗೆ ಮನೆಗೆ ಹೊರಟೆವು. ಕೃತಕ ಕೀಲಿನ ಬೆಲೆಯ ಬಗ್ಗೆಯೂ ಭಯ ಪಡಬೇಕಾಗಿರಲಿಲ್ಲ. 2017ರ ಆಗಸ್ಟ್‌ನಲ್ಲಿ ಔಷಧ ಬೆಲೆ ಪ್ರಾಧಿಕಾರ ಮಂಡಿ ಕೀಲುಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ನಿಗದಿಯಾದದ್ದು ತೆರಿಗೆ ಬಿಟ್ಟು 54,720 ರೂಪಾಯಿ. ಅದಕ್ಕೂ ಮೊದಲು ಅದೇ ಕೀಲಿಗೆ ಲಕ್ಷ ದಾಟಿ ಕೊಟ್ಟವರಿದ್ದರು.

ಬಿಲ್ಲಿನ ಕೊನೆಯ ಪುಟದಲ್ಲಿ ವಿಮೆ ಕೊಡದ ವಸ್ತುಗಳ ಪಟ್ಟಿ ಇತ್ತು. ವಾಕರ್, ಮಂಡಿಗೆ ಕಟ್ಟುವ ಬ್ರೇಸ್, ಕ್ರೇಪ್ ಬ್ಯಾಂಡೇಜ್, ತಣ್ಣನೆಯ ಪ್ಯಾಕ್. ಒಟ್ಟು ಸೇರಿದರೆ ದೊಡ್ಡ ಮೊತ್ತವಲ್ಲ, ಕಟ್ಟಿಬಿಟ್ಟೆವು. ಆದರೆ ಆ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಮಂಡಿ ಬದಲಿಸಿಕೊಂಡವರು ಎದ್ದು ನಿಂತು ಹೆಜ್ಜೆ ಇಡಲು ಬೇಕಾದದ್ದೆಲ್ಲ ಅದರಲ್ಲೇ ಇದೆ. ವಿಮೆಯ ಲೆಕ್ಕದಲ್ಲಿ ವಾಕರ್ ಇದ್ದರೂ ಆಗುತ್ತದೆ, ಇಲ್ಲದಿದ್ದರೂ ಆಗುತ್ತದೆ ಎನ್ನುವ ಸಾಮಾನು. ಕುಯ್ದು ಹೊಲಿಯುವುದು ಚಿಕಿತ್ಸೆ, ಆಮೇಲಿನದ್ದು ಅನುಕೂಲ ಎನ್ನುವ ಈ ನೋಟವೇ ಮುಂದೆ ಎಲ್ಲ ಕಡೆ ಎದುರಾಯಿತು.

ಆಸ್ಪತ್ರೆಯಿಂದ ಬಂದ ಮೇಲಿನ ಖರ್ಚಿಗೆ ಪಾಲಿಸಿಗಳಲ್ಲಿ ಒಂದು ಕಲಮು ಇರುತ್ತದೆ. ದಾಖಲಾಗುವ ಮುಂಚಿನ ಇಷ್ಟು ದಿನ, ಬಿಡುಗಡೆಯಾದ ಮೇಲಿನ ಇಷ್ಟು ದಿನ ಅದೇ ಕಾಯಿಲೆಗೆ ಆದ ವೈದ್ಯಕೀಯ ಖರ್ಚನ್ನು ಮರುಪಾವತಿ ಮಾಡುತ್ತೇವೆ ಎಂದು. 2020ರಲ್ಲಿ ಎಲ್ಲ ಕಂಪನಿಗಳೂ ಕಡ್ಡಾಯವಾಗಿ ಮಾರಬೇಕೆಂದು ಬಂದ ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ ಇದು ಮುಂಚೆ 30, ಆಮೇಲೆ 60 ದಿನ. ಬೇರೆ ಪಾಲಿಸಿಗಳಲ್ಲಿ 90, ಕೆಲವದರಲ್ಲಿ 180 ದಿನವೂ ಉಂಟು. ನಮ್ಮದರಲ್ಲಿ 90 ಇತ್ತು. ಫಿಸಿಯೋಥೆರಪಿ ಬರುವುದು ಈ ಕಲಮಿನ ಅಡಿಯಲ್ಲೇ. ಹೊರರೋಗಿ ಚಿಕಿತ್ಸೆಗೆಂದು ಪ್ರತ್ಯೇಕ ರಕ್ಷಣೆ ಇಲ್ಲದ ಪಾಲಿಸಿಯಾದರೆ ಈ ದಿನಗಳು ಮುಗಿದ ಮೇಲೆ ಒಂದು ರೂಪಾಯಿಯೂ ಹುಟ್ಟುವುದಿಲ್ಲ.

ಹನುಮಂತನಗರದಲ್ಲಿ ನಮ್ಮದು ಮೊದಲ ಮಹಡಿಯ ಮನೆ, ಲಿಫ್ಟ್ ಇಲ್ಲ. ಹಾಗಾಗಿ ಮನೆಗೇ ಬರುವ ಫಿಸಿಯೋಥೆರಪಿಸ್ಟ್ ಗೊತ್ತು ಮಾಡಿಕೊಂಡೆವು. ಒಂದು ಸಲಕ್ಕೆ 800 ರೂಪಾಯಿ. ಕ್ಲಿನಿಕ್ಕಿಗೆ ಹೋದರೆ 500ಕ್ಕೆ ಆಗುತ್ತಿತ್ತು. ಕೀಲಿಗೆ ಬೆಲೆ ಕಟ್ಟಿದವರು ಇದಕ್ಕೆ ಕಟ್ಟಿಲ್ಲ, ಬಡಾವಣೆಗೊಂದು ದರ. ಬಂದವನು ಹಾಸನದ ಕಡೆಯ ಹುಡುಗ, ಮೆಲುಮಾತಿನವನು, ಕೆಲಸದಲ್ಲಿ ಮಾತ್ರ ಬಿಗಿ. ಮೊದಲ ವಾರ ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಮಂಡಿ ಮಡಚುವುದು, ತೊಡೆಯ ಸ್ನಾಯುವನ್ನು ಬಿಗಿ ಹಿಡಿದು ಬಿಡುವುದು, ಪಾದವನ್ನು ಮೇಲೆ ಕೆಳಗೆ ಆಡಿಸುವುದು. ಪ್ರತಿ ದಿನ ಕೊನೆಯಲ್ಲಿ ಅವನು ಗೋನಿಯೋಮೀಟರ್ ತೆಗೆಯುತ್ತಿದ್ದ. ಎರಡು ಪ್ಲಾಸ್ಟಿಕ್ ಪಟ್ಟಿಗಳನ್ನು ಒಂದು ತಿರುಗಣಿಯಲ್ಲಿ ಸೇರಿಸಿದ ಸಾಧನ. ಒಂದು ಪಟ್ಟಿಯನ್ನು ತೊಡೆಯ ಉದ್ದಕ್ಕೆ, ಇನ್ನೊಂದನ್ನು ಕಣಕಾಲಿನ ಉದ್ದಕ್ಕೆ ಹಿಡಿದು, ಮಂಡಿಯ ಪಕ್ಕದ ಉಬ್ಬಿಗೆ ತಿರುಗಣಿಯನ್ನು ಸರಿಹೊಂದಿಸಿ, "ಅಮ್ಮಾ, ಇನ್ನು ಸ್ವಲ್ಪ, ನಿಮ್ಮಿಂದ ಆದಷ್ಟು" ಎನ್ನುತ್ತಿದ್ದ. ಅಮ್ಮ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕಾಲು ಮಡಚುವರು. ಹೊಲಿಗೆಯ ಗಾಯದ ಮೇಲಿನ ಚರ್ಮ ಹೊಳೆಯುವಷ್ಟು ಬಿಗಿಯುತ್ತಿತ್ತು, ಮಂಡಿ ಮುಟ್ಟಿದರೆ ಬಿಸಿ. ಅವನು ಬಗ್ಗಿ ಅಂಕಿ ಓದಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಎರಡು ವಾರದ ಹೊತ್ತಿಗೆ 90 ಡಿಗ್ರಿಯ ಆಸುಪಾಸಿಗೆ ಬರಬೇಕು ಎನ್ನುತ್ತಾರೆ. ಅಮ್ಮನದು 70ರಲ್ಲಿತ್ತು.

ಮಾರ್ಚ್ ಮುಗಿಯುವ ಹೊತ್ತಿಗೆ 82ಕ್ಕೆ ಬಂದು ನಿಂತುಬಿಟ್ಟಿತು. ಕುರ್ಚಿಯಲ್ಲಿ ಕೂತು ಏಳುವುದಕ್ಕೇ 90ಕ್ಕಿಂತ ಹೆಚ್ಚು ಬೇಕು. ಪರೀಕ್ಷಿಸಿದ ವೈದ್ಯರು ಒಳಗೆ ಗಾಯದ ಅಂಗಾಂಶ ಗಟ್ಟಿಯಾಗುತ್ತಿದೆ ಎಂದರು. ಏಪ್ರಿಲ್ ಕೊನೆಯೊಳಗೆ ನೂರರ ಹತ್ತಿರ ಬರದಿದ್ದರೆ ಮತ್ತೆ ದಾಖಲಿಸಿಕೊಂಡು, ಅರಿವಳಿಕೆ ಕೊಟ್ಟು, ಮಂಡಿಯನ್ನು ಕೈಯಿಂದ ಒತ್ತಿ ಮಡಚಬೇಕಾಗುತ್ತದೆ, ಮೊದಲ ಮೂರು ತಿಂಗಳಲ್ಲಿ ಮಾಡಿದರೇ ಅದಕ್ಕೆ ಫಲ ಹೆಚ್ಚು ಎಂದೂ ಹೇಳಿದರು. ಅದು ಬೇಡವೆಂದಾದರೆ ಫಿಸಿಯೋಥೆರಪಿ ದಿನ ಬಿಟ್ಟು ದಿನ ಸಾಲದು, ಪ್ರತಿ ದಿನ ಬೇಕು. ಚೀಟಿಯಲ್ಲಿ ಹಾಗೆಯೇ ಬರೆದುಕೊಟ್ಟರು. ಅಮ್ಮ ಅವತ್ತು ರಾತ್ರಿ, "ನೋವು ತಡೆದುಕೊಳ್ಳುತ್ತೇನೆ ಕಣೇ, ಇನ್ನೊಂದು ಸಲ ಆಸ್ಪತ್ರೆ ಬೇಡ" ಎಂದರು.

ಅದೇ ವಾರ ಕಚೇರಿಯಲ್ಲಿ ವಿಮೆಯ ನವೀಕರಣದ ಮಿಂಚಂಚೆ ಬಂತು. ವಿಮಾ ಕಂಪನಿ ಬದಲಾಗಿದೆ, ಟಿಪಿಎ (ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡಿಕೊಳ್ಳುವ ಸಂಸ್ಥೆ) ಬದಲಾಗಿದೆ, ಹೊಸ ಕಾರ್ಡುಗಳನ್ನು ಇಳಿಸಿಕೊಳ್ಳಿ. ಜೊತೆಗಿದ್ದ ಕೋಷ್ಟಕದಲ್ಲಿ ಪೋಷಕರ ಸಹಪಾವತಿ, ಅಂದರೆ ಕ್ಲೇಮಿನಲ್ಲಿ ನಮ್ಮ ಪಾಲು, ನೂರಕ್ಕೆ ಹತ್ತರಿಂದ ಇಪ್ಪತ್ತಕ್ಕೆ ಏರಿತ್ತು. ಬಿಡುಗಡೆಯ ನಂತರದ 90 ದಿನ 60ಕ್ಕೆ ಇಳಿದಿತ್ತು. ಫಿಸಿಯೋಥೆರಪಿಗೆ ಹೊಸದೊಂದು ಸಾಲು ಬಂದಿತ್ತು: ಆಸ್ಪತ್ರೆಯಲ್ಲಿ ಅಥವಾ ನೋಂದಾಯಿತ ಕೇಂದ್ರದಲ್ಲಿ ಪಡೆದದ್ದಕ್ಕೆ ಮಾತ್ರ, ಮನೆಯಲ್ಲಿ ಪಡೆದದ್ದಕ್ಕೆ ಇಲ್ಲ.

ಇದು ಹೇಗಾಗುತ್ತದೆ ಎಂದು ಮಾನವ ಸಂಪನ್ಮೂಲ ವಿಭಾಗದ ಹಿರಿಯರೊಬ್ಬರ ಹತ್ತಿರ ಕೂತು ಕೇಳಿದೆ. ಅವರು ಮುಚ್ಚಿಡದೆ ಹೇಳಿದರು. ಗುಂಪು ವಿಮೆ ಒಂದು ವರ್ಷದ ಒಪ್ಪಂದ. ವರ್ಷದ ಕೊನೆಯಲ್ಲಿ ವಿಮಾ ಕಂಪನಿ ತನಗೆ ಬಂದ ಕಂತೆಷ್ಟು, ಕೊಟ್ಟ ಕ್ಲೇಮು ಎಷ್ಟು ಎಂದು ಲೆಕ್ಕ ಹಾಕುತ್ತದೆ. ಪೋಷಕರ ಕ್ಲೇಮು ಯಾವಾಗಲೂ ಹೆಚ್ಚು. ಕಂತು ಏರಿಸುತ್ತೇವೆ ಎಂದು ಅವರು ಬಂದಾಗ, ಏರಿಕೆ ತಗ್ಗಿಸಲು ಇವರು ಯಾವ ಸೌಲಭ್ಯ ಬಿಟ್ಟುಕೊಡಬಹುದು ಎಂದು ಹುಡುಕುತ್ತಾರೆ. 5 ಲಕ್ಷವನ್ನು 3 ಲಕ್ಷ ಮಾಡಿದರೆ ನೌಕರರು ಅದೇ ದಿನ ಬಂದು ಕೇಳುತ್ತಾರೆ. 90 ದಿನವನ್ನು 60 ಮಾಡಿದರೆ ಯಾರೂ ಕೇಳುವುದಿಲ್ಲ.

ಈ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಏಕೆಂದರೆ ಅದು ನಿಜ. ವೈಯಕ್ತಿಕ ಪಾಲಿಸಿಯಾದರೆ ನಿಯಮ ಬದಲಿಸುವ ಮುಂಚೆ ಪಾಲಿಸಿದಾರರಿಗೆ ಮೂರು ತಿಂಗಳ ಸೂಚನೆ ಕೊಡಬೇಕೆಂದು ಪಾಲಿಸಿಯಲ್ಲೇ ಬರೆದಿರುತ್ತದೆ. ಗುಂಪು ವಿಮೆಯಲ್ಲಿ ಪಾಲಿಸಿದಾರ ಎಂದರೆ ಕಂಪನಿ. ಮಾತುಕತೆ ನಡೆಯುವುದು ಕಂಪನಿ, ವಿಮಾ ಕಂಪನಿ, ಮಧ್ಯವರ್ತಿಗಳ ನಡುವೆ. ಹಾಸಿಗೆಯಲ್ಲಿ ಕಾಲು ಚಾಚಿ ಮಲಗಿರುವ ತಾಯಂದಿರ ಪರವಾಗಿ ಆ ಮೇಜಿನ ಬಳಿ ಯಾರೂ ಇರುವುದಿಲ್ಲ. ಕಂತನ್ನು ಮಾತ್ರ ನಾವೇ ಕಟ್ಟುತ್ತೇವೆ.

ಏಪ್ರಿಲ್ ಪೂರ್ತಿ ಆ ಹುಡುಗ ಪ್ರತಿ ದಿನ ಬಂದ, ಯುಗಾದಿಯ ರಜೆಯನ್ನೂ ತೆಗೆದುಕೊಳ್ಳದವನು ಏಪ್ರಿಲ್‌ನ ಭಾನುವಾರಗಳನ್ನೂ ಬಿಡಲಿಲ್ಲ. ನಾವೂ ಹಣದ ಮುಖ ನೋಡಲಿಲ್ಲ. ತಿಂಗಳ ಕೊನೆಗೆ ಗೋನಿಯೋಮೀಟರ್ 98 ತೋರಿಸಿತು. ಮತ್ತೆ ದಾಖಲಾಗುವ ಮಾತು ಅಲ್ಲಿಗೆ ನಿಂತಿತು. ಮೇ ಮಧ್ಯದಲ್ಲಿ 90 ದಿನ ತುಂಬಿದಾಗ ಒಟ್ಟು ಲೆಕ್ಕ ಕೂಡಿದೆ. ಫಿಸಿಯೋಥೆರಪಿಗೇ ಸುಮಾರು 52,000 ಆಗಿತ್ತು, ಅದರಲ್ಲಿ ಅರ್ಧ ಮಾರ್ಚ್ 31ರ ಈಚಿನದು. ವೈದ್ಯರ ಚೀಟಿ, ದಿನಾಂಕವಾರು ಬಿಲ್ಲು, ಫಿಸಿಯೋಥೆರಪಿಸ್ಟ್‌ನ ನೋಂದಣಿ ಸಂಖ್ಯೆ ಮತ್ತು ಸಹಿ, ಹಣ ಕಳಿಸಿದ ದಾಖಲೆ, ಡಿಗ್ರಿ ಬರೆದ ಪುಸ್ತಕದ ಪ್ರತಿ, ಎಲ್ಲವನ್ನೂ ಸೇರಿಸಿ ಹಳೆಯ ಟಿಪಿಎಗೆ ಕಳಿಸಿದೆ. ಇಂಥ ಕ್ಲೇಮುಗಳನ್ನು ಸಾಮಾನ್ಯವಾಗಿ ಆ ಅವಧಿ ಮುಗಿದ 15 ದಿನದೊಳಗೆ ಸಲ್ಲಿಸಬೇಕು.

ಉತ್ತರ ಬಂತು. ಏಪ್ರಿಲ್ ಒಂದರಿಂದ ಈಚಿನ ಬಿಲ್ಲುಗಳು ನಮ್ಮ ಪಾಲಿಸಿ ಅವಧಿಯಲ್ಲಿಲ್ಲ, ಹೊಸ ವಿಮಾ ಕಂಪನಿಯನ್ನು ಕೇಳಿ. ಮಾರ್ಚ್ ತನಕದ ಬಿಲ್ಲುಗಳೂ ಇಲ್ಲ, ಏಕೆಂದರೆ ಮನೆಯಲ್ಲಿ ಪಡೆದ ಪುನಶ್ಚೇತನ ಸೇವೆ ಹೊರಗಿಡಲಾದ ಖರ್ಚು. ಹೊಸ ಟಿಪಿಎಯನ್ನು ಕೇಳಿದರೆ ಅವರು ಹೇಳಿದ್ದೂ ಸರಿಯಾಗಿಯೇ ಇತ್ತು: ನಿಮ್ಮ ತಾಯಿ ದಾಖಲಾದದ್ದು ನಮ್ಮ ಪಾಲಿಸಿಯಲ್ಲಲ್ಲ, ಮೂಲ ಕ್ಲೇಮೇ ಇಲ್ಲದ ಮೇಲೆ ನಂತರದ ಖರ್ಚು ಎಲ್ಲಿಂದ ಬರುತ್ತದೆ?

ಅಮ್ಮನಿಗೆ ಇದನ್ನು ವಿವರಿಸುವುದು ಕಷ್ಟವಾಯಿತು. "ಆಪರೇಷನ್‌ಗೆ ಲಕ್ಷಗಟ್ಟಲೆ ಕೊಟ್ಟವರು ನಡೆಯುವುದಕ್ಕೆ ಯಾಕೆ ಕೊಡುವುದಿಲ್ಲ?" ಎಂದು ಕೇಳಿದರು. ನನ್ನ ಪ್ರಶ್ನೆಯೂ ಅದೇ ಆಗಿತ್ತು. ಅದರಲ್ಲೂ ಒಂದು ಸಂಗತಿ ನನ್ನನ್ನು ಬಿಡಲಿಲ್ಲ. ಏಪ್ರಿಲ್‌ನಲ್ಲಿ ಫಿಸಿಯೋಥೆರಪಿ ನಿಲ್ಲಿಸಿ, ಮಂಡಿ ಹಾಗೇ ಬಿಗಿದುಕೊಂಡು, ಅಮ್ಮ ಮತ್ತೆ ಆಸ್ಪತ್ರೆಗೆ ದಾಖಲಾಗಿ ಅರಿವಳಿಕೆಯಲ್ಲಿ ಮಂಡಿ ಮಡಚಿಸಿಕೊಂಡಿದ್ದರೆ ಆ ಖರ್ಚು ದಾಖಲಾತಿಯ ಖರ್ಚಾಗಿ ವಿಮೆಯ ಒಳಗೆ ಬರುತ್ತಿತ್ತು. ಅದನ್ನು ತಪ್ಪಿಸಿದ ಬೆವರಿಗೆ ಮಾತ್ರ ಬೆಲೆ ಇಲ್ಲ. ರೋಗಿಗೂ ವಿಮಾ ಕಂಪನಿಗೂ ಇಬ್ಬರಿಗೂ ನಷ್ಟವಾಗುವಂಥ ನಿಯಮವನ್ನು ಯಾಕಾಗಿ ಹಿಡಿದುಕೊಂಡಿರಬೇಕು?

ಪಾಲಿಸಿಯ ಪೂರ್ಣ ಪಠ್ಯವನ್ನು ತರಿಸಿಕೊಂಡೆ. ನೌಕರರಿಗೆ ಕೊಡುವುದು ಎರಡು ಪುಟದ ಸಾರಾಂಶ, ಪೂರ್ಣ ಪಠ್ಯವನ್ನು ಕೇಳಿ ಪಡೆಯಬೇಕು. ಅವರು ಉಲ್ಲೇಖಿಸಿದ್ದು ಐದನೇ ಸಂಖ್ಯೆಯ ಹೊರಗಿಡುವಿಕೆಯನ್ನು. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಮಾತಿನಲ್ಲಿ ಇರಲೆಂದು ಸಿದ್ಧಪಡಿಸಿದ ಪಟ್ಟಿಯದು. ವಿಶ್ರಾಂತಿ, ಪುನಶ್ಚೇತನ ಮತ್ತು ಆರೈಕೆ ಎಂದು ಅದರ ತಲೆಬರಹ. ತಲೆಬರಹ ನೋಡಿದರೆ ಅವರ ಮಾತು ನಿಜವೆನ್ನಿಸುತ್ತದೆ. ಒಳಗೆ ಓದಿದರೆ ಅದು ಹೇಳುವುದು ಚಿಕಿತ್ಸೆಗಾಗಿ ಅಲ್ಲದೆ ಕೇವಲ ಹಾಸಿಗೆ ವಿಶ್ರಾಂತಿಗಾಗಿ ದಾಖಲಾಗುವ ಖರ್ಚಿನ ಬಗ್ಗೆ, ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ಓಡಾಡಲು ಕೈಹಿಡಿಯುವುದು ಮುಂತಾದ ದೈನಂದಿನ ಆರೈಕೆಯ ಬಗ್ಗೆ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರೇ ಬರೆದುಕೊಟ್ಟ, ಡಿಗ್ರಿ ಲೆಕ್ಕದಲ್ಲಿ ಗುರಿ ಇಟ್ಟ ಚಿಕಿತ್ಸೆ ಅದರಲ್ಲಿ ಎಲ್ಲಿಯೂ ಬರುವುದಿಲ್ಲ. ಹಳೆಯ ಪಾಲಿಸಿಯಲ್ಲಿ ಮನೆಯಲ್ಲಿ ಪಡೆದದ್ದಕ್ಕೆ ಇಲ್ಲ ಎಂಬ ಸಾಲೂ ಇರಲಿಲ್ಲ. ಆ ಸಾಲು ಹೊಸ ಪಾಲಿಸಿಯದು, ಹಳೆಯ ಕ್ಲೇಮಿನ ಮೇಲೆ ತಂದು ಹೇರಿದ್ದರು. ಇನ್ನು 90 ದಿನದ ಕಲಮು ಲೆಕ್ಕ ಹಾಕುತ್ತಿದ್ದದ್ದು ಬಿಡುಗಡೆಯ ದಿನದಿಂದ. ಪಾಲಿಸಿ ಅವಧಿಯಲ್ಲಿ ಆಗಿರಬೇಕೆಂದು ಅದರಲ್ಲಿ ಹೇಳಿದ್ದು ಆಸ್ಪತ್ರೆ ದಾಖಲಾತಿಯನ್ನು, ನಂತರದ ಖರ್ಚನ್ನಲ್ಲ.

ಇದನ್ನೆಲ್ಲ ಕಲಮು ಸಂಖ್ಯೆಗಳ ಸಮೇತ ಬರೆದು ವಿಮಾ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳಿಸಿದೆ. ಟಿಪಿಎ ಜೊತೆಗೆ ವಾದ ಮಾಡುತ್ತಾ ಕೂರುವುದರಿಂದ ಪ್ರಯೋಜನವಿಲ್ಲ, ಹೊಣೆ ಇರುವುದು ವಿಮಾ ಕಂಪನಿಯ ಮೇಲೆ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಮೇ ತಿಂಗಳಿನ ಸುತ್ತೋಲೆಯ ಪ್ರಕಾರ ಕಂಪನಿಯ ಕ್ಲೇಮು ಪರಿಶೀಲನಾ ಸಮಿತಿ ಒಪ್ಪದೆ ಯಾವ ಕ್ಲೇಮನ್ನೂ ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ತಿಳಿಸಬೇಕು. ಆ ಸಮಿತಿಯ ನಿರ್ಧಾರವನ್ನು ಕೊಡಿ ಎಂದು ಕೇಳಿದೆ. ಕೆಲವು ದಿನಗಳ ಮೇಲೆ ಮಾರ್ಚ್ ತನಕದ ಹಣ ಸಹಪಾವತಿ ಕಳೆದು ಖಾತೆಗೆ ಬಂತು, ಏಪ್ರಿಲ್ ಬಗ್ಗೆ ಮಾತೇ ಇಲ್ಲ. ಆಗ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಿ ದೂರು ದಾಖಲಿಸಿದೆ. ಜಾಲತಾಣ ಬಳಸಲು ಬಾರದವರು 155255ಕ್ಕೆ ಕರೆ ಮಾಡಿಯೂ ದೂರು ಕೊಡಬಹುದು. ಅದರ ನಂತರ ಕಂಪನಿಯವರೇ ಕರೆ ಮಾಡಿದರು, ಕಾಗದಗಳನ್ನು ಮತ್ತೊಮ್ಮೆ ತರಿಸಿಕೊಂಡರು, ದಿನಾಂಕಗಳನ್ನು ಬಿಡಿಸಿ ಬರೆಯದ ಒಂದು ಬಿಲ್ಲನ್ನು ಬಿಟ್ಟು ಉಳಿದದ್ದನ್ನು ಪಾವತಿಸಿದರು. ಒಪ್ಪದಿದ್ದರೆ ಮುಂದಿನ ಮೆಟ್ಟಿಲು ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ತೀರ್ಮಾನಿಸುವ ಅಧಿಕಾರಿ, ಆಗಿತ್ತು. ಬೆಂಗಳೂರಿನಲ್ಲೇ ಅದರ ಕಚೇರಿ ಇದೆ, ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ವಿಮಾ ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಅಲ್ಲಿಗೆ ಹೋಗಬಹುದು.

ನಮಗೆ ಓದಲು ಬಂತು, ಬರೆಯಲು ಬಂತು, ಕಾಯುವಷ್ಟು ದಿನ ಸಾಲ ಮಾಡದೆ ಹಣ ಹೊಂದಿಸಲು ಬಂತು. ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಣ್ಣುಮಗಳ ಗಂಡನಿಗೆ ಅದೇ ಬೇಸಿಗೆಯಲ್ಲಿ ಕಟ್ಟಡದ ಸಾರುವೆಯಿಂದ ಬಿದ್ದು ತೊಡೆಯ ಮೂಳೆ ಮುರಿಯಿತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ರಾಡು ಹಾಕಿದರು, ಒಂದು ಪೈಸೆ ಕೇಳಲಿಲ್ಲ, ಅದು ಸಣ್ಣ ವಿಷಯವಲ್ಲ. ಆದರೆ ಆಯುಷ್ಮಾನ್ ಯೋಜನೆ ಬಿಡುಗಡೆಯ ನಂತರದ ಖರ್ಚು ನೋಡಿಕೊಳ್ಳುವುದು 15 ದಿನ. ಮುರಿದ ತೊಡೆಮೂಳೆ ಕೂಡಿಕೊಳ್ಳಲೇ ತಿಂಗಳುಗಳು ಬೇಕು. ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಹೋಗಬೇಕೆಂದರೆ ಎರಡು ಬಸ್ಸು, ಜೊತೆಗೊಬ್ಬರು, ಇಬ್ಬರದೂ ದಿನದ ಕೂಲಿ. ಸ್ವಲ್ಪ ದಿನ ಹೋಗಿ ಬಿಟ್ಟರು. ಅವರು ಈಗ ಕೋಲು ಹಿಡಿದು ನಡೆಯುತ್ತಾರೆ, ಸಾರುವೆ ಹತ್ತುವ ಕೆಲಸ ಮುಗಿದಂತೆಯೇ.

ಎಡ ಮಂಡಿಗೆ ಮುಂಚೆ ಅಮ್ಮನ ಹೆಸರಿನಲ್ಲಿ ಬೇರೆ ಪಾಲಿಸಿ ಮಾಡಿಸಿದರೆ ಹೇಗೆ ಎಂದು ವಿಚಾರಿಸಿದೆ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ 18 ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ, ಗುಂಪು ವಿಮೆಗೆ ಅದು ಹಾಗೆಯೇ ಇದೆ. ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಪ್ರಾಧಿಕಾರದೊಂದಿಗೆ ಸಮಾಲೋಚಿಸಬೇಕೆಂದು ಅದೇ ವರ್ಷದ ಜನವರಿಯಲ್ಲಿ ಆದೇಶವಾಗಿದೆ. ವಯಸ್ಸಾಯಿತೆಂದು ಪಾಲಿಸಿ ಕೊಡದಿರುವ ಕಾಲವೂ ಹೋಯಿತು. ಇವೆಲ್ಲ ಒಳ್ಳೆಯ ಬದಲಾವಣೆಗಳೇ. ಆದರೆ ಕೀಲು ಬದಲಿಗೆ ಕಾಯುವ ಅವಧಿ ಎಂದು ಒಂದಿರುತ್ತದೆ, ಪಾಲಿಸಿ ಮಾಡಿಸಿದ ಮೇಲೂ ಅಷ್ಟು ಕಾಲ ಆ ಚಿಕಿತ್ಸೆಗೆ ಹಣ ಸಿಗುವುದಿಲ್ಲ. ಹಿಂದೆ ಅದು ನಾಲ್ಕು ವರ್ಷದ ತನಕ ಇರಬಹುದಿತ್ತು, ಈಗ ಮೂರು ವರ್ಷದ ಮಿತಿ ಹಾಕಿದ್ದಾರೆ. ಅಮ್ಮನ ಎಡ ಮಂಡಿ ಮೂರು ವರ್ಷ ಕಾಯುವ ಸ್ಥಿತಿಯಲ್ಲಿರಲಿಲ್ಲ. ಬಲಗಾಲು ಗಟ್ಟಿಯಾದಂತೆಲ್ಲ ಎಡಗಾಲು ವಾಲುತ್ತಿತ್ತು. ಹೊಸ ಗುಂಪು ಪಾಲಿಸಿಯಲ್ಲೇ ಮಾಡಿಸುವುದೆಂದು ತೀರ್ಮಾನವಾಯಿತು.

ಈ ಸಲ ಡಿಸ್ಚಾರ್ಜ್ ಸಮ್ಮರಿಯಲ್ಲೇ ಫಿಸಿಯೋಥೆರಪಿ ಎಷ್ಟು ವಾರ, ವಾರಕ್ಕೆ ಎಷ್ಟು ಸಲ ಎಂದು ಬರೆಸಿಕೊಂಡೆವು. ಮನೆಗೆ ಬಂದರೆ ಹಣ ಬರುವುದಿಲ್ಲವಾದ್ದರಿಂದ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೇ ಹೋಗಬೇಕಾಯಿತು. ಹೊಲಿಗೆ ಬಿಚ್ಚದ ಕಾಲಿನಲ್ಲಿ ಅಮ್ಮ ನಮ್ಮ ಮನೆಯ ಮೆಟ್ಟಿಲು ಇಳಿಯುವುದನ್ನು ನೋಡಬೇಕಿತ್ತು. ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು, ಹತ್ತುವಾಗ ಚೆನ್ನಾಗಿರುವ ಕಾಲು ಮೊದಲು. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ. ಆಟೋದೊಳಗೆ ಬೆನ್ನು ಮಾಡಿ ಕೂತು, ಸೀಟಿನ ಉದ್ದಕ್ಕೂ ಹಿಂದೆ ಜರುಗಿ, ಆಮೇಲೆ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಡುವರು. ಪಾದ ಇನ್ನೊಂದು ಬದಿಯಿಂದ ಹೊರಗೆ ಚಾಚಿರುತ್ತಿತ್ತು. ನಾನು ಮುಂದೆ ಚಾಲಕರ ಪಕ್ಕ ತುದಿಗೆ ಕೂತು ಹಿಂದಕ್ಕೆ ಕೈ ಚಾಚಿ ಆ ಪಾದ ಹಿಡಿದುಕೊಳ್ಳುತ್ತಿದ್ದೆ. ರಸ್ತೆಯ ಪ್ರತಿ ಉಬ್ಬಿಗೂ ಅಮ್ಮ ಉಸಿರು ಬಿಗಿ ಹಿಡಿಯುವರು. ಹೋಗಿ ಬರಲು ಆಟೋಗೆ ಸುಮಾರು 250, ಅದು ಯಾವ ಪಾಲಿಸಿಯಲ್ಲೂ ಬರುವುದಿಲ್ಲ. ನನ್ನ ಅರ್ಧ ದಿನದ ರಜೆ ಬೇರೆ. 500ರ ಚಿಕಿತ್ಸೆಗೆ ಆಟೋ ಸೇರಿದರೆ 750, ಸಹಪಾವತಿ ಕಳೆದು ವಾಪಸ್ಸು ಬರುವುದು 400. ಕಾಗದದಲ್ಲಿ ವಿಮೆ ಇತ್ತು. ಕೈಯಿಂದ ಹೋಗುತ್ತಿದ್ದದ್ದೂ ಇತ್ತು, ಜೊತೆಗೆ ಅಮ್ಮ ದಾರಿಯಲ್ಲೇ ದಣಿದು ವ್ಯಾಯಾಮದ ಹೊತ್ತಿಗೆ ಅರ್ಧ ಸೋತಿರುತ್ತಿದ್ದರು. ಮನೆಯಲ್ಲಿ ಮುಕ್ಕಾಲು ಗಂಟೆ ಪಟ್ಟು ಹಿಡಿದು ಮಾಡುತ್ತಿದ್ದ ಹೆಂಗಸು ಅಲ್ಲಿ ಇಪ್ಪತ್ತು ನಿಮಿಷಕ್ಕೆ ಸಾಕು ಎನ್ನುತ್ತಿದ್ದರು.

ಎರಡು ವಾರ ಹೀಗೆ ನಡೆಸಿ, ಆಮೇಲೆ ವಾರದ ಕೆಲವು ದಿನ ಹಾಸನದ ಹುಡುಗನನ್ನೇ ನಮ್ಮ ಖರ್ಚಿನಲ್ಲಿ ಮನೆಗೆ ಕರೆಸಿಕೊಂಡೆವು, ಉಳಿದ ದಿನ ಆಸ್ಪತ್ರೆ. ಅವನು ಹಳೆಯ ಪುಸ್ತಕದಲ್ಲೇ ಹೊಸ ಪುಟ ತೆರೆದು ಎಡ ಮಂಡಿ ಎಂದು ಬರೆದ. ಈ ಮಂಡಿ ಹಟ ಮಾಡಲಿಲ್ಲ, ಆರನೇ ವಾರಕ್ಕೆ 96 ತಲುಪಿತು. ಜನವರಿಯಲ್ಲಿ 60 ದಿನ ಮುಗಿಯಿತು. ಆಗ ಅಮ್ಮ ಕೋಲಿಲ್ಲದೆ ಮನೆಯೊಳಗೆ ನಡೆಯುತ್ತಿದ್ದರು, ಮೆಟ್ಟಿಲು ಮಾತ್ರ ಒಂದೊಂದಕ್ಕೂ ಎರಡೂ ಕಾಲು ಇಟ್ಟೇ ಹತ್ತುತ್ತಿದ್ದರು. ತೊಡೆಯ ಬಲ ವಾಪಸ್ಸು ಬರುವುದಕ್ಕೆ ಇನ್ನೂ ತಿಂಗಳುಗಳು ಬೇಕು, ಕೆಲವರಿಗೆ ವರ್ಷವೇ ಹಿಡಿಯುತ್ತದೆ. ಈಗ ವಾರಕ್ಕೆರಡು ಸಲ ನಮ್ಮ ಹಣದಲ್ಲಿ ಮಾಡಿಸುತ್ತಿದ್ದೇವೆ.

ನವೀಕರಣ ಮತ್ತೆ ಹತ್ತಿರ ಬಂದಿದೆ. ಈ ಸಲ ಕೋಷ್ಟಕ ಬರುವ ತನಕ ಕಾಯಲಿಲ್ಲ. ತಂದೆ ತಾಯಿಯನ್ನು ಸೇರಿಸಿರುವ ಸಹೋದ್ಯೋಗಿಗಳೆಲ್ಲ ಸೇರಿ ಮಾನವ ಸಂಪನ್ಮೂಲ ವಿಭಾಗಕ್ಕೆ ಪತ್ರ ಕೊಟ್ಟಿದ್ದೇವೆ. ಬಿಡುಗಡೆಯ ನಂತರದ ಅವಧಿಯನ್ನು 90 ದಿನಕ್ಕೆ ಮರಳಿಸಬೇಕು. ಮೂಳೆ ಮತ್ತು ನರದ ಶಸ್ತ್ರಚಿಕಿತ್ಸೆ ಆದವರಿಗೆ ವೈದ್ಯರು ಬರೆದರೆ ಮನೆಯಲ್ಲಿನ ಫಿಸಿಯೋಥೆರಪಿಯನ್ನೂ ಒಪ್ಪಬೇಕು, ಬೇಕಾದರೆ ಒಂದು ಸಲಕ್ಕೆ ಇಷ್ಟು ಎಂದು ಮಿತಿ ಹಾಕಲಿ. ವಾಕರ್ ಮತ್ತು ಬ್ರೇಸ್ ಖರ್ಚನ್ನು ಸೇರಿಸಬೇಕು. ನವೀಕರಣದಲ್ಲಿ ಏನು ಇಳಿಯುತ್ತದೆ ಎಂಬುದನ್ನು ಮಾತುಕತೆ ಮುಗಿಯುವ ಮುಂಚೆಯೇ ನೌಕರರಿಗೆ ತಿಳಿಸಬೇಕು. ಇದಕ್ಕಾಗಿ ಪೋಷಕರ ಕಂತು ಸ್ವಲ್ಪ ಏರಿದರೆ ಕಟ್ಟಲು ಸಿದ್ಧರಿದ್ದೇವೆ ಎಂದೂ ಬರೆದಿದ್ದೇವೆ. ಸಹಿ ಮಾಡಿದವರಲ್ಲಿ ಒಬ್ಬರ ತಂದೆಗೆ ಮುಂದಿನ ತಿಂಗಳು ಸೊಂಟದ ಕೀಲಿನ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ನಾಲ್ಕನೆಯದನ್ನು ವಿಭಾಗದವರು ಒಪ್ಪಿದ್ದಾರೆ. ಉಳಿದ ಮೂರಕ್ಕೆ ವಿಮಾ ಕಂಪನಿಯಿಂದ ದರ ತರಿಸಿಕೊಂಡು ಮಾರ್ಚ್ ಮೂರನೇ ವಾರದೊಳಗೆ ತಿಳಿಸುವುದಾಗಿ ಹೇಳಿದ್ದಾರೆ.